ರಜೆಯ ದಿನಗಳಲ್ಲಿ ತಾಯಿ ಮತ್ತೆ ಶಿಕ್ಷಕಿಯಾಗಬೇಕೇ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ, ಮನೆ ನಗರದಲ್ಲಿದೆ, ಪತಿ ಸರ್ಕಾರಿ ಕಚೇರಿಯಲ್ಲಿ ನೌಕರರು. ಮಗ ನಾಲ್ಕನೆಯ ತರಗತಿ ಮುಗಿಸಿದ್ದಾನೆ, ಮಗಳಿಗೆ ಆರು ವರ್ಷ. ಬೇಸಿಗೆ ರಜೆ ಆರಂಭವಾದಾಗಿನಿಂದ ಬೆಳಿಗ್ಗೆ ಎರಡು ತಾಸು, ಸಂಜೆ ಒಂದು ತಾಸು ಇಬ್ಬರಿಗೂ ಪಾಠ ಹೇಳುತ್ತಿದ್ದೇನೆ. ಮಗನಿಗೆ ಐದನೆಯ ತರಗತಿಯ ಗಣಿತವನ್ನೂ ಶುರುಮಾಡಿದ್ದೇನೆ. ಮೊನ್ನೆ ಅವನು ಪುಸ್ತಕ ಮುಚ್ಚಿ, ‘ಅವ್ವಾ, ನೀ ಮನ್ಯಾಗೂ ಅಕ್ಕೋರ ಏನ?’ ಎಂದು ಅತ್ತುಬಿಟ್ಟ. ಮಧ್ಯಾಹ್ನ ಹೊರಗೆ ಬಿಡುವಂತಿಲ್ಲ, ಒಳಗಿದ್ದರೆ ಮೊಬೈಲು. ಅತ್ತೆಯವರು ‘ನಿನಗ ಹೆಂಗೂ ಸೂಟಿ ಐತಲ್ಲ’ ಎಂದು ಹಪ್ಪಳ, ಶಾವಿಗೆ, ಖಾರದ ಕೆಲಸವನ್ನೆಲ್ಲ ಈ ತಿಂಗಳಿಗೇ ಇಟ್ಟಿದ್ದಾರೆ. ಓದು ಬಿಡಿಸಿದರೆ ಮಕ್ಕಳು ಕಲಿತದ್ದನ್ನು ಮರೆಯುವುದಿಲ್ಲವೇ? ಈ ದಿನಗಳನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ಮಗನ ಅಳುವನ್ನು ಹಟವೆಂದು ತಳ್ಳಿಹಾಕದೆ ನೀವು ಕೇಳಿದ್ದೀರಿ; ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐದನೆಯ ತರಗತಿಯ ಗಣಿತವನ್ನು ನಿಲ್ಲಿಸಿ. ಮೂರು ತಾಸಿನ ಪಾಠವನ್ನು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷದ ಓದಿಗೆ ಇಳಿಸಿ. ಉಳಿದ ಹೊತ್ತನ್ನು ಶಾಲೆಯ ಗಂಟೆಯ ಬದಲು ಬಿಸಿಲಿಗೆ ಹೊಂದಿಸಿ, ಮನೆಯಲ್ಲಿ ಹೇಗೂ ನಡೆಯಲೇಬೇಕಾದ ಬೇಸಿಗೆಯ ಕೆಲಸಗಳಲ್ಲಿ ಮಕ್ಕಳಿಗೆ ನಿಜವಾದ ಪಾಲು ಕೊಡಿ. ಮಗನಿಗೆ ಬೇಕಾಗಿರುವುದು ಅವ್ವ. ನಿಮ್ಮೊಳಗಿನ ಶಿಕ್ಷಕಿಯ ಕಣ್ಣು ಆ ಅವ್ವನ ಜೊತೆಗೆ ಸದ್ದಿಲ್ಲದೆ ಇದ್ದರೆ ಸಾಕು.

ಮರೆವಿನ ಭಯ ನಿರಾಧಾರವಲ್ಲ. 2021ರ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16 ಸಾವಿರಕ್ಕೂ ಹೆಚ್ಚು ಮಕ್ಕಳ ಕಲಿಕೆಯನ್ನು ಪರಿಶೀಲಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನೂ, ಶೇ 82ರಷ್ಟು ಮಕ್ಕಳು ಗಣಿತದ ಕನಿಷ್ಠ ಒಂದು ಸಾಮರ್ಥ್ಯವನ್ನೂ ಕಳೆದುಕೊಂಡಿದ್ದು ಕಂಡುಬಂದಿತು. ಆದರೆ ಅದು ಕೋವಿಡ್ ಕಾಲದಲ್ಲಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗಿನ ಮಾತು. ಆ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಓದಲು ಒಂದು ಪುಸ್ತಕವಾಗಲಿ, ಕೇಳುವ ಒಬ್ಬ ಓದುಬಲ್ಲ ಹಿರಿಯರಾಗಲಿ ಇರಲಿಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಸುಮಾರು ಏಳು ವಾರಗಳಲ್ಲಿ, ಅದೂ ಶಿಕ್ಷಕಿಯ ಮನೆಯಲ್ಲಿ, ಅಂಥದ್ದು ಆಗುವುದಿಲ್ಲ. ಓದುವ ವೇಗ ಸ್ವಲ್ಪ ತಗ್ಗಬಹುದು, ಮಗ್ಗಿ ಒಂದೆರಡು ಕಡೆ ತಡವರಿಸಬಹುದು. ಇದಕ್ಕೆ ಬೇಕಾದದ್ದು ದಿನವೂ ಸ್ವಲ್ಪ ಸ್ವಲ್ಪ ಬಳಕೆ. ಒಂದೇ ಸಲ ಎರಡು ತಾಸು ಕೂರಿಸಿ ಹೇಳಿಕೊಟ್ಟದ್ದಕ್ಕಿಂತ ಅಂತರ ಬಿಟ್ಟು ಹಲವು ದಿನ ಸ್ವಲ್ಪಸ್ವಲ್ಪವೇ ಮಾಡಿದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಕಲಿಕೆಯ ಮನಶ್ಶಾಸ್ತ್ರದಲ್ಲಿ ಬಹಳ ಗಟ್ಟಿಯಾಗಿ ನಿಂತಿರುವ ತಿಳಿವಳಿಕೆ.

ಮುಂದಿನ ತರಗತಿಯ ಪಾಠ ಏಕೆ ಬೇಡವೆಂದರೆ, ಅರ್ಧ ತಿಳಿದ ಪಾಠವನ್ನು ಹೊತ್ತು ಜೂನ್‌ನಲ್ಲಿ ತರಗತಿಗೆ ಹೋಗುವ ಹುಡುಗ ‘ಇದು ನನಗೆ ಗೊತ್ತು’ ಎಂದುಕೊಂಡು ಕಿವಿ ಮುಚ್ಚಿಕೊಳ್ಳುತ್ತಾನೆ. ಆ ಅರ್ಧ ತಿಳಿವಳಿಕೆಯನ್ನು ಬಿಡಿಸಿ ಸರಿಪಡಿಸುವ ಕಷ್ಟ ಅವನ ಹೊಸ ಶಿಕ್ಷಕರಿಗೆ ಬೀಳುತ್ತದೆ. ಇದನ್ನು ತರಗತಿಯಲ್ಲಿ ನೀವೇ ಕಂಡಿರುತ್ತೀರಿ. ಅದರ ಬದಲು ಮಗ ತನಗೆ ಬೇಕಾದ ಕಥೆಯ ಪುಸ್ತಕವನ್ನು ತಂಗಿಗೆ ಗಟ್ಟಿಯಾಗಿ ಓದಿ ಹೇಳಲಿ. ಅವನಿಗೆ ಓದಿನ ಸರಾಗ, ಅವಳಿಗೆ ಕೇಳುವ ಅಭ್ಯಾಸ. ನೀವು ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದರೂ ನಡೆಯುತ್ತದೆ. ತಪ್ಪಾದ ಪ್ರತಿ ಶಬ್ದಕ್ಕೂ ಅವನನ್ನು ತಡೆಯಬೇಡಿ, ಅರ್ಥ ಕೆಟ್ಟಾಗ ಮಾತ್ರ ಕೇಳಿ. ಪುಸ್ತಕಗಳಿಗೆ ಹಣ ಸುರಿಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ನಿಮ್ಮ ಶಾಲೆಯ ಊರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ಅವರೇ ಆರಿಸಿಕೊಳ್ಳುವಂತೆ ಮಾಡಿ.

ಇನ್ನು ದಿನದ ಹೊಂದಾಣಿಕೆ. ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಇಲ್ಲಿ ಹತ್ತು ಗಂಟೆಯ ನಂತರ ಮಾಡುವ ಯಾವ ಶ್ರಮದ ಕೆಲಸವೂ ಎರಡು ಪಟ್ಟು ದಣಿಸುತ್ತದೆ. ನಸುಕಿನ ಐದೂವರೆಯಿಂದ ಒಂಬತ್ತರವರೆಗಿನ ಹೊತ್ತೇ ನಿಮ್ಮ ಮನೆಯ ಮುಖ್ಯ ಹೊತ್ತಾಗಲಿ. ಓಟ, ಸೈಕಲ್ಲು, ಅಂಗಳದ ಆಟ, ಸಂತೆ, ಬಿಸಿಲಿಗೆ ಹರವುವ ಕೆಲಸ ಎಲ್ಲವೂ ಆಗಲೇ ನಡೆಯಲಿ. ಅಡುಗೆಯ ಬಗ್ಗೆಯೂ ಒಂದು ಮಾತು. ದಿನವೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಬದಲು, ವಾರದಲ್ಲಿ ಎರಡು ನಸುಕಿನಲ್ಲಿ ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳಿ. ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ, ಜೋಳದ ಅಂಬಲಿ, ಮಜ್ಜಿಗೆ ಇದ್ದರೆ ಮಧ್ಯಾಹ್ನದ ಊಟಕ್ಕೆ ಒಲೆ ಹೊತ್ತಿಸುವ ಅಗತ್ಯವೇ ಅನೇಕ ದಿನ ಬರುವುದಿಲ್ಲ. ನಮ್ಮ ಹಿರಿಯ ಹೆಣ್ಣುಮಕ್ಕಳು ಕಂಡುಕೊಂಡ ಈ ಕ್ರಮವನ್ನು ಸೋಮಾರಿತನವೆಂದು ಯಾರಾದರೂ ಅಂದರೆ ಕಿವಿಗೊಡಬೇಡಿ.

ಮನೆ ಕಾಂಕ್ರೀಟ್ ಛಾವಣಿಯದಾಗಿದ್ದರೆ, ಹಗಲಿಡೀ ಕಾದ ಛಾವಣಿ ಹೊತ್ತು ಮುಳುಗಿದ ಮೇಲೆ ಕೋಣೆಯೊಳಕ್ಕೆ ಶಾಖ ಬಿಡುತ್ತದೆ. ಮಕ್ಕಳು ರಾತ್ರಿ ಹೊರಳಾಡುವುದಕ್ಕೆ ಅದೇ ಕಾರಣ. ಛಾವಣಿಗೆ ಸುಣ್ಣ ಬಳಿದರೆ ಬಿಸಿಲು ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ, ಖರ್ಚೂ ಕಡಿಮೆ. ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆದು, ಸಂಜೆ ಗಾಳಿ ತಂಪಾದ ಮೇಲೆ ತೆರೆಯಿರಿ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆ ಊರಿನಲ್ಲಿದ್ದು ಅಲ್ಲಿ ಆಯಿ, ಮುತ್ಯಾ ಇದ್ದರೆ, ಮಕ್ಕಳನ್ನು ಕೆಲವು ದಿನ ಅಲ್ಲಿಗೆ ಕಳುಹಿಸುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಅತ್ತೆಯವರು ಇಟ್ಟಿರುವ ಕೆಲಸಗಳನ್ನು ನೀವು ಹೊರೆಯೆಂಬಂತೆ ಬರೆದಿದ್ದೀರಿ. ಒಬ್ಬರೇ ಮಾಡಿದರೆ ಅದು ಹೊರೆಯೇ ಸರಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ಮಕ್ಕಳ ಕಲಿಕೆಯ ದೃಷ್ಟಿಯಿಂದ ನೋಡಿದರೆ, ನೀವು ಹಣ ಕೊಟ್ಟು ಸೇರಿಸಬಹುದಾದ ಯಾವ ಬೇಸಿಗೆ ಶಿಬಿರದಲ್ಲೂ ಕುರುಡಿಗೆಯಂಥ (ಗೋಧಿ ಹಾಲಿನ ಸಂಡಿಗೆ) ಪಾಠ ಸಿಗುವುದು ಕಷ್ಟ. ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ರುಬ್ಬಿ ಹಾಲು ತೆಗೆದು, ಕುದಿಸಿ ಒತ್ತಿ ಒಣಗಿಸುವ ಈ ಕೆಲಸದಲ್ಲಿ ಕಾಳು ಉಬ್ಬುವುದು, ಹುಳಿಯಾಗುವುದು, ಪಿಷ್ಟ ತಳಕ್ಕೆ ಕೂರುವುದು, ಬಿಸಿಗೆ ಗಟ್ಟಿಯಾಗುವುದು ಎಲ್ಲವನ್ನೂ ಮಗ ಕಣ್ಣಾರೆ ನೋಡುತ್ತಾನೆ. ನೆನೆಹಾಕುವ ಮೊದಲು ಗೋಧಿಯ ತೂಕ ಎಷ್ಟು, ನೆನೆದ ಮೇಲೆ ಎಷ್ಟು, ಒಣಗಿದ ಕುರುಡಿಗೆ ಎಷ್ಟಾಯಿತು ಎಂದು ಅವನೇ ತೂಗಿ ಒಂದು ಹಾಳೆಯಲ್ಲಿ ಬರೆಯಲಿ. ಕಳೆಯುವುದು, ಭಾಗಿಸುವುದು, ಕಿಲೋ ಮತ್ತು ಗ್ರಾಮು, ಭಿನ್ನರಾಶಿ ಎಲ್ಲವೂ ಅಲ್ಲಿಯೇ ಬರುತ್ತವೆ. ಆಯಿಯ ಕೈಯಲ್ಲಿ ಇನ್ನೂ ಸೇರು, ಪಾವು, ಚಟಾಕಿನ ಲೆಕ್ಕವಿದ್ದರೆ ಅವರಿಂದಲೇ ಕೇಳಿ ಗ್ರಾಮಿಗೆ ತಾಳೆ ನೋಡಲಿ. ಮಗಳಿಗೆ ಹಪ್ಪಳಗಳನ್ನು ಹತ್ತರ ಸಾಲುಗಳಲ್ಲಿ ಜೋಡಿಸುವ ಕೆಲಸ ಕೊಡಿ. ಏಳು ಸಾಲು ಮತ್ತು ನಾಲ್ಕು ಬಿಡಿ ಎಂದು ಅವಳು ಎಣಿಸಿದರೆ ಸ್ಥಾನಬೆಲೆ ಅವಳ ಕೈಗೆ ಬಂದಂತೆ. ಒಂದು ಎಚ್ಚರಿಕೆ ಮಾತ್ರ: ಪ್ರತಿ ಹೆಜ್ಜೆಗೂ ‘ಇದು ಎಷ್ಟು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ತೂಕ ತಪ್ಪಿದರೆ ಕೆಲಸ ಕೆಡುತ್ತದೆ ಎಂಬ ಕಾರಣಕ್ಕೆ ಮಗು ಲೆಕ್ಕ ಮಾಡಬೇಕು, ನಿಮಗೆ ಉತ್ತರ ಒಪ್ಪಿಸಲು ಅಲ್ಲ. ನಲಿ-ಕಲಿಯಲ್ಲಿ ಮಕ್ಕಳು ತಮ್ಮ ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಸಾಗುವುದನ್ನು ದಿನವೂ ನಡೆಸುವವರು ನೀವು. ಅದೇ ತಾಳ್ಮೆ ನಿಮ್ಮ ಮಕ್ಕಳಿಗೂ ಸಲ್ಲಬೇಕು.

ನಮ್ಮ ಬೇಸಿಗೆಯೇ ಕೊಡುವ ಇನ್ನೆರಡು ಪ್ರಯೋಗಗಳನ್ನು ಹೇಳದೆ ಇರಲಾರೆ. ಒಂದು, ಗಡಿಗೆಯ ನೀರು. ಮಣ್ಣಿನ ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನೇ ತೆಗೆದುಕೊಂಡು ಹೋಗುತ್ತದೆ. ನಮ್ಮ ಗಾಳಿ ಒಣಗಿದ್ದಾದ್ದರಿಂದ ಇಲ್ಲಿ ಗಡಿಗೆ ಚೆನ್ನಾಗಿ ತಂಪಾಗುತ್ತದೆ, ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ಆಗುವುದಿಲ್ಲ. ಒಂದೇ ನೀರನ್ನು ಗಡಿಗೆ, ಸ್ಟೀಲ್ ಕೊಡ, ಪ್ಲಾಸ್ಟಿಕ್ ಬಾಟಲಿ ಮೂರರಲ್ಲೂ ತುಂಬಿ ನೆರಳಿನಲ್ಲಿಟ್ಟು ತಾಸಿಗೊಮ್ಮೆ ಉಷ್ಣಾಂಶ ಬರೆಯುವ ಕೆಲಸ ಮಗನಿಗೆ ಇಡೀ ದಿನದ್ದಾಗುತ್ತದೆ. ಎರಡು, ನೆರಳು. ವಿಜಯಪುರದಲ್ಲಿ ಮೇ 7–8ರ ಸುಮಾರಿಗೆ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆ ನೇರವಾಗಿ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಹೋಗುತ್ತದೆ. ತುಸು ದಕ್ಷಿಣಕ್ಕಿರುವ ಬೆಳಗಾವಿಯಲ್ಲಿ ಇದು ಮೂರು ನಾಲ್ಕು ದಿನ ಮೊದಲೇ ಆಗುತ್ತದೆ. ನಮ್ಮಲ್ಲಿ ಆ ಕ್ಷಣ ಬರುವುದು ಹನ್ನೆರಡು ಗಂಟೆಗಲ್ಲ, ಸುಮಾರು 12.24ಕ್ಕೆ, ಏಕೆಂದರೆ ಭಾರತದ ಗಡಿಯಾರ ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ. ಅದಕ್ಕೆ ಒಂದು ವಾರ ಮೊದಲಿನಿಂದ ಮಕ್ಕಳು ಮಧ್ಯಾಹ್ನದ ನೆರಳಿನ ತುದಿಗೆ ಗುರುತು ಹಾಕುತ್ತ ಬರಲಿ. ಬಾಗಿಲ ನೆರಳಿನಲ್ಲಿ ನಿಂತು, ಟೋಪಿ ಹಾಕಿ, ಎರಡು ನಿಮಿಷದಲ್ಲಿ ಗುರುತು ಹಾಕಿ ಒಳಗೆ ಬರುವಷ್ಟೇ ಕೆಲಸ.

ಒಂದು ಮುಂಜಾನೆ ಇಬ್ಬರನ್ನೂ ಕರೆದುಕೊಂಡು ನಗರದ ಹಳೆಯ ನೀರಿನ ವ್ಯವಸ್ಥೆಯನ್ನು ನೋಡಿ ಬನ್ನಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಮಕ್ಕಳು ಈಗಾಗಲೇ ನೋಡಿರುತ್ತಾರೆ. ಆದರೆ 1620ರಲ್ಲಿ ಕಟ್ಟಿದ ತಾಜ್ ಬಾವಡಿ ಎಂಬ ದೊಡ್ಡ ಬಾವಿಯ ಮುಂದೆ ಅವರನ್ನು ನಿಲ್ಲಿಸಿ, ಮಳೆ ಕಡಿಮೆಯಿರುವ ಈ ಊರಿಗೆ ಆದಿಲ್‌ಶಾಹಿಗಳ ಕಾಲದಲ್ಲಿ ನೀರು ಎಲ್ಲಿಂದ, ಹೇಗೆ ಬರುತ್ತಿತ್ತೆಂದು ಕೇಳಿದವರು ಕಡಿಮೆ.

ಮಧ್ಯಾಹ್ನದ ಮೊಬೈಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹನ್ನೆರಡರಿಂದ ನಾಲ್ಕರವರೆಗೆ ಮನೆ ಮುಚ್ಚಿರುವಾಗ ಮಕ್ಕಳಿಗೆ ಬೇರೆ ಏನೂ ಇಲ್ಲದಿದ್ದರೆ ಅವರು ಅದನ್ನೇ ಕೇಳುತ್ತಾರೆ. ಊಟದ ನಂತರ ಒಂದು ತಾಸು ನಿದ್ದೆ, ಆಮೇಲೆ ಚೌಕಾಬಾರ, ಪಗಡೆ, ಚಿತ್ರ, ಕಥೆಯ ಓದು. ಮೊಬೈಲಿಗೆ ಅರ್ಧ ತಾಸು, ಅದೂ ಹಿರಿಯರಿರುವ ಕೋಣೆಯಲ್ಲಿ. ಆ ಹೊತ್ತಿನಲ್ಲಿ ದೊಡ್ಡವರ ಕೈಯಲ್ಲೂ ಮೊಬೈಲು ಇರದಿದ್ದರೆ ಮಾತ್ರ ಈ ನಿಯಮ ನಡೆಯುತ್ತದೆ.

ಬಿಸಿಲು ಮತ್ತು ನೀರು, ಈ ಎರಡರ ಅಪಾಯವನ್ನು ಮಾತ್ರ ಸ್ವಲ್ಪವೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮಕ್ಕಳು ದೊಡ್ಡವರಷ್ಟು ಬೆವರುವುದಿಲ್ಲ, ಆಟದ ಭರದಲ್ಲಿ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಕೇಳಲಿ, ಬಿಡಲಿ, ತಾಸಿಗೊಮ್ಮೆ ನೀರು, ಮಜ್ಜಿಗೆ ಅಥವಾ ಇಂಡಿ ತಾಲ್ಲೂಕಿನ ಲಿಂಬೆ ಹಿಂಡಿ ಉಪ್ಪು ಸಕ್ಕರೆ ಹಾಕಿದ ಶರಬತ್ತು ಕೊಡಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ವಾಂತಿ ಭೇದಿಯಾದರೆ ಓಆರ್‌ಎಸ್ ಪೊಟ್ಟಣವೇ ಉತ್ತಮ. ಅದು ಸಿಗದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಉಪ್ಪು ಅದಕ್ಕಿಂತ ಹೆಚ್ಚಾಗಬಾರದು. ಬಿಸಿಲಿನಲ್ಲಿದ್ದ ಮಗುವಿನ ಮೈ ಸುಡುತ್ತಿದ್ದು, ಮಾತು ತೊದಲಿದರೆ, ಗೊಂದಲಕ್ಕೆ ಒಳಗಾದರೆ ಅಥವಾ ಸೆಳವು ಬಂದರೆ ಅದು ಉಷ್ಣಾಘಾತ. ತಕ್ಷಣ 108ಕ್ಕೆ ಕರೆ ಮಾಡಿ, ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು, ಜ್ವರದ ಗುಳಿಗೆಗಾಗಿ ಹುಡುಕುತ್ತ ಹೊತ್ತು ಕಳೆಯಬಾರದು, ಏಕೆಂದರೆ ಅದು ಇಲ್ಲಿ ಕೆಲಸ ಮಾಡುವುದಿಲ್ಲ.

ಊರಿಗೆ ಹೋದ ಮಕ್ಕಳು ಈಜಲು ಹೋಗುತ್ತಾರೆ. ಬಾವಿ ಮತ್ತು ಕಾಲುವೆಯ ಅಪಾಯ ಎಲ್ಲರಿಗೂ ಗೊತ್ತು; ಆದರೆ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಹೆಚ್ಚಿದ ಕೃಷಿ ಹೊಂಡಗಳ ಅಪಾಯ ಅನೇಕರ ಗಮನಕ್ಕೆ ಬಂದಿಲ್ಲ. ನೀರು ಇಂಗದಿರಲೆಂದು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಕಾಲು ಊರಲು ಬಿಡುವುದಿಲ್ಲ, ಇಳಿಜಾರಾದ ಬದಿಯಲ್ಲಿ ಕೈಗೆ ಹಿಡಿತವೂ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರೇ ಹೊರಬರಲು ಕಷ್ಟಪಡುತ್ತಾರೆ, ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬನೂ ಜಾರುತ್ತಾನೆ. ನಿಮ್ಮ ಮಕ್ಕಳಿಗೂ, ನಿಮ್ಮ ಶಾಲೆಯ ಮಕ್ಕಳ ಮನೆಯವರಿಗೂ ಇದನ್ನು ಸ್ಪಷ್ಟವಾಗಿ ಹೇಳಿ. ಹೊಂಡದ ಸುತ್ತ ಬೇಲಿಯೂ, ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ, ಗಂಟು ಹಾಕಿದ ಒಂದು ಹಗ್ಗವೂ ಇರಬೇಕೆಂದು ಹೊಲದವರನ್ನು ಒತ್ತಾಯಿಸುವುದು ಶಿಕ್ಷಕಿಯ ಮಾತಿಗೆ ಬೆಲೆ ಕೊಡುವ ಹಳ್ಳಿಯಲ್ಲಿ ಕಷ್ಟವಾಗದು.

ಈಗ ನಿಮ್ಮ ವಿಷಯ. ಪ್ರಶ್ನೆಯಲ್ಲಿ ಮಕ್ಕಳ ಬಗ್ಗೆ, ಮನೆಯ ಬಗ್ಗೆ ಬರೆದಿದ್ದೀರಿ, ನಿಮ್ಮ ದಣಿವಿನ ಬಗ್ಗೆ ಒಂದು ಸಾಲೂ ಇಲ್ಲ. ‘ನಿನಗ ಹೆಂಗೂ ಸೂಟಿ ಐತಲ್ಲ’ ಎಂಬ ಮಾತು ನಮ್ಮ ಭಾಗದ ಎಷ್ಟೋ ಶಿಕ್ಷಕಿಯರ ಮನೆಗಳಲ್ಲಿ ಕೇಳಿಬರುತ್ತದೆ, ಮತ್ತು ಅದು ಸರಿಯಲ್ಲ. ಶಾಲಾ ಶಿಕ್ಷಕರಿಗೆ ಈ ದೀರ್ಘ ರಜೆ ಇದೆಯೆಂಬ ಕಾರಣಕ್ಕೇ ಇತರ ಇಲಾಖೆಗಳ ನೌಕರರಿಗಿಂತ ಗಳಿಕೆ ರಜೆ ಕಡಿಮೆ. ಅಂದರೆ ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ, ನಿಮ್ಮ ದುಡಿಮೆಯ ಭಾಗ. ಆ ರಜೆಯೂ ಪೂರ್ತಿ ಕೈಗೆ ಸಿಗುವುದಿಲ್ಲ: 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಭಾಗದ ಮತದಾನ ಮೇ 7ರಂದು, ಸುಡುಬಿಸಿಲಿನಲ್ಲೇ ನಡೆಯಿತು, 2025ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು. ಇಷ್ಟರ ನಡುವೆ ಉಳಿದ ದಿನಗಳಲ್ಲಿ ವರ್ಷದ ಹಪ್ಪಳ, ಶಾವಿಗೆ, ಉಪ್ಪಿನಕಾಯಿ, ಖಾರ ಎಲ್ಲವನ್ನೂ ಒಬ್ಬರ ಮೇಲೆ ಹಾಕಿದರೆ ಜೂನ್‌ಗೆ ನೀವು ಶಾಲೆಗೆ ಹೋಗುವುದು ದಣಿದ ಮೈಯಿಂದಲೇ.

ಅತ್ತೆಯವರೊಂದಿಗೆ ವಾದಕ್ಕಿಳಿಯುವುದಕ್ಕಿಂತ ಅವರ ಎದುರು ಕುಳಿತು ಕೆಲಸಗಳ ಒಂದು ಪಟ್ಟಿ ಮಾಡಿ, ‘ಅತ್ತಿ, ಇದರಾಗ ಯಾವುದು ನಾವ ಮಾಡಬೇಕು, ಯಾವುದು ಕೊಂಡ ತರಬೇಕು, ನೀವ ಹೇಳ್ರಿ’ ಎಂದು ಅವರಿಗೇ ತೀರ್ಮಾನ ಬಿಡಿ. ಶಾವಿಗೆಯನ್ನು ಓಣಿಯ ಹೆಣ್ಣುಮಕ್ಕಳು ಸೇರಿ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಮಾಡುತ್ತಿದ್ದುದನ್ನು ಅವರೇ ಬಲ್ಲರು. ಅದನ್ನು ಮತ್ತೆ ಶುರುಮಾಡಲು ಅವರ ಹಿರಿತನವೇ ಬೇಕು. ನಿಮ್ಮ ಪತಿಯ ಪಾಲೂ ಇಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳ ಸಮಯವನ್ನು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಹಾಗೆ ಬದಲಾದಾಗ ಅವರು ಎರಡು ಗಂಟೆಯ ಹೊತ್ತಿಗೆ ಮನೆಯಲ್ಲಿರುತ್ತಾರೆ. ಎರಡೂವರೆಯಿಂದ ನಾಲ್ಕೂವರೆಯವರೆಗೆ ಮಕ್ಕಳು ಅವರ ಜವಾಬ್ದಾರಿ ಎಂದು ನಿಶ್ಚಯವಾಗಲಿ. ಆ ಎರಡು ತಾಸು ನೀವು ಮಲಗಿ, ಓದಿ, ಗೆಳತಿಯೊಡನೆ ಮಾತಾಡಿ, ಏನೂ ಮಾಡದೆ ಕುಳಿತುಕೊಳ್ಳಿ. ಅದನ್ನು ಯಾರಿಗೂ ವಿವರಿಸಿ ಸಮರ್ಥಿಸಿಕೊಳ್ಳಬೇಕಾಗಿಲ್ಲ.

ನಿಮ್ಮ ತರಗತಿಯಲ್ಲಿ ತಂದೆತಾಯಿಯೊಂದಿಗೆ ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋದ ಮಕ್ಕಳಿದ್ದರೆ, ಮೇ ಮೂರನೆಯ ವಾರದಲ್ಲಿ ಆ ಮನೆಗಳಿಗೆ ಒಂದೊಂದು ಫೋನು ಮಾಡಿ, ಶಾಲೆ ಆರಂಭವಾಗುವ ದಿನವನ್ನು ತಿಳಿಸಿ, ಮಗುವಿನ ಜೊತೆಗೂ ಎರಡು ಮಾತಾಡಿ. ತಡವಾಗಿ ಮರಳುವ ಮಕ್ಕಳೇ ಮೊದಲು ಶಾಲೆ ಬಿಡುತ್ತಾರೆಂಬುದು ನಿಮಗೆ ಗೊತ್ತಿದೆ. ಅದೇ ವಾರದಿಂದ ನಿಮ್ಮ ಮಕ್ಕಳ ಮಧ್ಯಾಹ್ನದ ನಿದ್ದೆಯನ್ನು ಕಡಿಮೆ ಮಾಡುತ್ತ, ರಾತ್ರಿ ಮಲಗುವ ಹೊತ್ತನ್ನು ದಿನಕ್ಕೆ ಹತ್ತು ನಿಮಿಷದಂತೆ ಹಿಂದಕ್ಕೆ ತನ್ನಿ. ಶಾಲೆ ತೆರೆದಾಗ ಮುಂಗಾರು ನಮ್ಮ ಜಿಲ್ಲೆಗೆ ಸಾಮಾನ್ಯವಾಗಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ತೆರೆಯುವ ಮೊದಲೇ ಒಮ್ಮೆ ಹೋಗಿ ನೀರಿನ ಟ್ಯಾಂಕು ತೊಳೆಸಿ, ತರಗತಿಯ ಕೋಣೆಯಲ್ಲಿ ಒಂದು ಗಡಿಗೆ ಇಡಿಸಿ, ಮಳೆ ಬರುವವರೆಗೆ ಪ್ರತಿ ಅವಧಿಯ ಕೊನೆಗೆ ಎಲ್ಲ ಮಕ್ಕಳೂ ನೀರು ಕುಡಿಯಲು ಒಂದು ಗಂಟೆ ಬಾರಿಸುವಂತೆ ಮುಖ್ಯಗುರುಗಳೊಂದಿಗೆ ಮಾತಾಡಿ.